ಗಿರಣಿಯ ಮೇಲೆ ಮೇಷ್ಟ್ರ ತ್ರೀಫೇಸ್ ದಾವೆ

ಈ ಮನೆಯಲ್ಲಿ ಒಂದೋ ಗಿರಣಿ ಇರಬೇಕು, ಇಲ್ಲವೇ ತಾನಿರಬೇಕು ಎಂದು ಕಾಲೇಜಿನ ಲೆಕ್ಕದ ಮೇಷ್ಟ್ರು ಭಾನುವಾರ ಬೆಳಿಗ್ಗೆಯೇ ಘನಘೋರ ಪ್ರತಿಜ್ಞೆ ಮಾಡಿಬಿಟ್ಟರು. ಪಾಪ, ಅವರದೂ ತಪ್ಪಿಲ್ಲ ಬಿಡಿ. ಹೆಂಡತಿ ಮುಂದಿನ ಕೋಣೆಯಲ್ಲಿ ಹಿಟ್ಟಿನ ಗಿರಣಿ ಇಟ್ಟಂದಿನಿಂದ ಅವರ ಕನ್ನಡಕ, ಪುಸ್ತಕ, ಹುಬ್ಬು ಎಲ್ಲದರ ಮೇಲೂ ಹಿಟ್ಟು. ಅದನ್ನಾದರೂ ಒರೆಸಿಕೊಳ್ಳಬಹುದು. ಆದರೆ ಓದುವ ಕೋಣೆಯಲ್ಲಿ ಏಸಿ ಹಾಕಿಕೊಂಡು ಹಾಯಾಗಿ ಕೂತರೆ ಸಾಕು, ಫ್ಯೂಸ್ ಸುಟ್ಟು, ಗಿರಣಿ ಗುಂಯ್‌ಗುಟ್ಟಿ ನಿಂತು, ಏಸಿಯೂ ನಿಂತು, ಗಿರಾಕಿಗಳ ಗಲಾಟೆಯೊಂದೇ ನಡೆಯುತ್ತಿತ್ತು.

"ಕರೆಂಟೆಲ್ಲ ಕುಡಿಯೋದು ನಿನ್ನ ಈ ರಾಕ್ಷಸನೇ! ಮೂರು ಫೇಸು, ಮೂರು ಬಾಯಿ!"

"ರೀ, ಬಾಯಿಗೆ ಬಂದ ಹಾಗೆ ಮಾತಾಡ್ಬೇಡಿ. ಅಳೆದು ತೋರಿಸಿ."

"ತೋರಿಸ್ತೀನಿ! ಫ್ಯೂಸ್ ಸುಡೋದು ಯಾವುದೋ ಅದು ಇವತ್ತೇ ಮನೆಯಿಂದಾಚೆ. ಒಪ್ಪಿಗೇನಾ?"

"ಒಪ್ಪಿದೆ. ಇವರೆಲ್ಲ ಸಾಕ್ಷಿ," ಎಂದು ಹೆಂಡತಿ ಡಬ್ಬಿ ಹಿಡಿದು ಸಾಲಾಗಿ ನಿಂತ ಗಿರಾಕಿಗಳ ಕಡೆ ಕೈ ತೋರಿಸಿದಳು.

ಮೇಷ್ಟ್ರು ಕಾಲೇಜಿನ ಲ್ಯಾಬಿನಿಂದ ಕ್ಲ್ಯಾಂಪ್ ಮೀಟರ್ ತಂದಿದ್ದರು (ತಂತಿಯನ್ನು ತಬ್ಬಿಕೊಂಡು, ಅದರೊಳಗೆ ಎಷ್ಟು ಕರೆಂಟ್ ಹರಿಯುತ್ತಿದೆ ಎಂದು ಚಾಡಿ ಹೇಳುವ ಇಕ್ಕಳ). ಮನೆಯ ಮಿಕ್ಕ ಸ್ವಿಚ್ಚೆಲ್ಲ ಆರಿಸಿ ಗಿರಣಿಯೊಂದನ್ನೇ ಓಡಿಸಿದರು. ಮೂರೂ ತಂತಿಯಲ್ಲಿ ಏಳೇಳು ಆಂಪಿಯರ್.

"ನಾನೂರ ಹದಿನೈದು ವೋಲ್ಟ್, ಇಂಟು ಏಳು, ಇಂಟು ಒಂದು ಪಾಯಿಂಟ್ ಏಳು ಮೂರು ಎರಡು..."

"ಅದೇನ್ರೀ ಚಿಲ್ಲರೆ? ಮೂರು ತಂತಿಗೆ ಮೂರರಿಂದ ತಾನೇ ಗುಣಿಸ್ಬೇಕು?"

"ಮೂರರ ವರ್ಗಮೂಲ ಕಣೇ ಅದು! ಮೂರು ಫೇಸೂ ಒಟ್ಟಿಗೆ ಏರಲ್ಲ, ಒಂದಾದ ಮೇಲೆ ಒಂದು ಏರುತ್ತೆ. ಇನ್ನು ಪವರ್ ಫ್ಯಾಕ್ಟರ್ ಪಾಯಿಂಟ್ ಎಂಟು. ಒಟ್ಟು ನಾಲ್ಕು ಕಿಲೋವ್ಯಾಟ್! ನೋಡಿದ್ಯಾ?"

"ನೋಡ್ದೆ. ಫ್ಯೂಸ್ ಎಲ್ಲಿ ಹೋಯ್ತು?"

ಹೋಗಿರಲಿಲ್ಲ. ಆದರೆ ಮೇಷ್ಟ್ರು ಹಟ ಬಿಡುವ ಪೈಕಿಯಲ್ಲ. ಏಸಿ, ಗೀಸರ್, ಫ್ಯಾನು, ದೀಪ ಎಲ್ಲವನ್ನೂ ಹಾಕಿ ಮತ್ತೆ ಮೀಟರ್ ಹಿಡಿದರು. ಮೊದಲ ತಂತಿ ಏಳು. ಮೂರನೆಯದೂ ಏಳು. ಮಧ್ಯದ್ದು ಇಪ್ಪತ್ತೈದು! ಕಣ್ಣುಜ್ಜಿಕೊಂಡು ಮತ್ತೊಮ್ಮೆ ನೋಡುವಷ್ಟರಲ್ಲಿ ಫಟ್ಟೆಂದು ಫ್ಯೂಸ್ ಹೋಯಿತು.

ಮೇಷ್ಟ್ರ ಮುಖ ಹುಳ್ಳಗಾಯಿತು. ಹಿಂದೊಮ್ಮೆ ಎರಡು ಫೇಸು ಕೈಕೊಟ್ಟು ಮಧ್ಯದ್ದರಲ್ಲಿ ಮಾತ್ರ ಕರೆಂಟ್ ಇದ್ದಾಗ, ಮನೆಯ ಸಮಸ್ತವನ್ನೂ ಅದೊಂದಕ್ಕೇ ಬದಲಾಯಿಸಿ, ಏಸಿ ಕೆಳಗೆ ಕಾಲು ಚಾಚಿ ಮಲಗಿದ ಮಹಾಶಯರು ಅವರೇ. ವಾಪಸ್ ಹಾಕಲು ಮರೆತೇಬಿಟ್ಟಿದ್ದರು.

"ಹಾಗಾದ್ರೆ ಆಚೆ ಹೋಗೋದು ಏಸಿ," ಎಂದು ಸಾಲಿನಲ್ಲಿದ್ದ ಅಜ್ಜಿ ತೀರ್ಪು ಕೊಟ್ಟರು.

ಹೆಂಡತಿ ಆಡಿಕೊಳ್ಳಲಿಲ್ಲ. ಮೆಲ್ಲಗೆ ಕೇಳಿದಳು: "ಹೋಗ್ಲಿ ಬಿಡಿ. ಇನ್ನೊಂದು ಗಿರಣಿ ಹಾಕಿದ್ರೆ ನಮ್ಮನೆ ಲೈನು ತಡೆಯುತ್ತೇನ್ರೀ? ಅದನ್ನೆಲ್ಲ ಲೆಕ್ಕ ಹಾಕೋದು ನಿಮಗೂ ಕಷ್ಟವೇನೋ."

"ಕಷ್ಟಾನಾ? ನನಗಾ?" ಮೇಷ್ಟ್ರು ಸೆಟೆದು ನಿಂತರು. "ಕೊಡು ಪೆನ್ನು! ಏಸಿ ಹೋಯ್ತು. ಗೀಸರ್ ಪಕ್ಕದ ಫೇಸಿಗೆ. ಎರಡು ಗಿರಣಿಗೆ ಏಳೂ ಏಳೂ ಹದಿನಾಲ್ಕು, ಗೀಸರಿಂದು ಒಂಬತ್ತು, ಇಪ್ಪತ್ತಮೂರು. ಯಾವ ಫೇಸೂ ಇಪ್ಪತ್ತೈದು ಮುಟ್ಟಲ್ಲ! ಆರಾಮಾಗಿ ತಡೆಯುತ್ತೆ! ಬೇಕಾದ್ರೆ ಸಹಿ ಹಾಕಿ ಕೊಡ್ತೀನಿ!"

ಗಿರಾಕಿಗಳು ಚಪ್ಪಾಳೆ ತಟ್ಟಿದರು. ಅಬ್ಬಾ, ಕೊನೆಗೂ ಗೆದ್ದೆ ಎಂದು ಮೇಷ್ಟ್ರು ಹೆಂಡತಿಯ ಕಡೆ ತಿರುಗಿದರು. ಅವಳು ಅಲ್ಲಿರಲಿಲ್ಲ. ಟೇಪು ಹಿಡಿದು ಅವರ ಓದುವ ಕೋಣೆಯ ಬಾಗಿಲ ಅಗಲ ಅಳೆಯುತ್ತಿದ್ದಳು.

"ರೀ, ಎರಡನೇ ಗಿರಣಿ ಸಲೀಸಾಗಿ ಒಳಗೆ ಹೋಗುತ್ತೆ. ನಿಮ್ಮ ಕುರ್ಚಿ ಸ್ವಲ್ಪ ಆಚೆ ಹಾಕ್ತೀರಾ?"