ಹತ್ತನೆಯ ಹಕ್ಕಿ

ಕೂಗು ಕೇಳಿ ಹಕ್ಕಿಯ ಹೆಸರು ಹೇಳುವ ಆ್ಯಪ್ ಶಾಲೆಯ ಟ್ಯಾಬ್‌ಗೆ ಬಂದ ದಿನವೇ ವಿಜ್ಞಾನದ ಮೇಷ್ಟ್ರ ಗ್ರಹಚಾರ ಕೆಟ್ಟಿತು. ಅವರ ಪಕ್ಷಿಜ್ಞಾನ ಅಗಾಧವಾದದ್ದು: ಕಪ್ಪಗಿದ್ದರೆ ಕಾಗೆ, ಉಳಿದದ್ದೆಲ್ಲ ಗುಬ್ಬಿ. ನವಿಲನ್ನು ನೋಡಿ 'ಚೆನ್ನಾಗಿ ತಿಂದು ಬೆಳೆದ ಗುಬ್ಬಿ' ಎಂದಿದ್ದರು. ಇದರಲ್ಲಿ ಒಂದಕ್ಷರ ಉತ್ಪ್ರೇಕ್ಷೆಯಿದ್ದರೆ ನನ್ನ ಮೀಸೆ ಬೋಳಿಸಿ. ನನಗೆ ಮೀಸೆಯಿಲ್ಲ, ಆ ಮಾತು ಬೇರೆ.

ಸಂಜೆ ತಪಾಸಣೆಗೆ ಬರುವ ಸಾಹೇಬರಿಗೆ ಹಕ್ಕಿಯ ಹುಚ್ಚು. "ನಿಮ್ಮ ಅಂಗಳದಲ್ಲೇ ಹತ್ತು ಜಾತಿ ಹಕ್ಕಿ ತೋರಿಸಿ, ನಿಮ್ಮ ವರ್ಗಾವಣೆ ಅರ್ಜಿಗೆ ಅಲ್ಲೇ ಸಹಿ" ಎಂದಿದ್ದರು. ಮೇಷ್ಟ್ರ ಹೆಂಡತಿ ದೂರದೂರಿನ ಆಸ್ಪತ್ರೆಯಲ್ಲಿ ನರ್ಸು. ಮೂರು ವರ್ಷದಿಂದ ಅವರ ಸಂಸಾರ ನಡೆದದ್ದೆಲ್ಲ ಫೋನಿನಲ್ಲೇ.

ಬೆಳಗಿನಿಂದ ಮರಮರದಡಿ ಟ್ಯಾಬ್ ಎತ್ತಿಹಿಡಿದು ಮೇಷ್ಟ್ರ ಕತ್ತು ಕೊಕ್ಕರೆಯಷ್ಟು ಉದ್ದವಾಯಿತು. ಒಂಬತ್ತು ಹಕ್ಕಿ ಸಿಕ್ಕವು. ಹತ್ತನೆಯದು ಮಾತ್ರ ಊರಿಗೇ ಬಹಿಷ್ಕಾರ ಹಾಕಿತ್ತು.

"ಹಕ್ಕಿ ಬರದಿದ್ರೇನ್ರೀ, ಕೂಗು ಬಂದ್ರೆ ಸಾಲ್ದಾ?" ಎಂದು ಡ್ರಿಲ್ ಮೇಷ್ಟ್ರು ಮುಷ್ಟಿಗಾತ್ರದ ಸ್ಪೀಕರನ್ನು ಹಳೆಯ ಮರದ ಪೊಟರೆಯೊಳಗಿಟ್ಟು, ಮೇಷ್ಟ್ರ ಫೋನಿಗೆ ಬ್ಲೂಟೂತಿನಲ್ಲಿ ಗಂಟುಹಾಕಿದರು.

"ಕಿರೀಟ ಇರೋ ಹಕ್ಕೀದು ಹಾಕಿ. ಸಾಹೇಬ್ರಿಗೆ ಗತ್ತು ಅಂದ್ರೆ ಇಷ್ಟ" ಎಂದರು ಲೆಕ್ಕದ ಟೀಚರು.

"ಸಿಕ್ಕಿಬಿದ್ರೆ?"

"ಸಾಹೇಬ್ರು ಮರ ಹತ್ತಿ ನೋಡ್ತಾರಾ? ಅವರ ಹೊಟ್ಟೆ ಬಿಡಬೇಕಲ್ಲ!"

ಹಾಗೆ ಚಂದ್ರಮುಕುಟದ ಕೂಗು ಆಯ್ಕೆಯಾಯಿತು. ಮಧ್ಯಾಹ್ನವಿಡೀ ತಾಲೀಮು ನಡೆಯಿತು. ಪೊಟರೆ ಎಷ್ಟು ಕೂಗಿತೆಂದರೆ ಮೂರನೇ ಊರಿನ ನಾಯಿಗಳೂ 'ಊಪ್ ಊಪ್' ಎಂದು ಬೊಗಳತೊಡಗಿದವು.

ಸಾಹೇಬರು ಕೊರಳಲ್ಲಿ ದುರ್ಬೀನು ತೂಗಿಸಿಕೊಂಡು ಬಂದರು. ಮೇಷ್ಟ್ರು ಜೇಬಿನೊಳಗೆ ಗುಂಡಿ ಒತ್ತಿದರು. "ಊಪ್ ಊಪ್ ಊಪ್!" ಟ್ಯಾಬ್ ಮೇಲೆ 'ಚಂದ್ರಮುಕುಟ' ಎಂದು ಮೂಡಿತು.

"ಇಪ್ಪತ್ತು ವರ್ಷ ಆಯ್ತ್ರೀ ಇದು ಈ ಊರಲ್ಲಿ ಕಂಡು!" ಸಾಹೇಬರ ಕಣ್ಣು ಸೈಕಲ್ ಚಕ್ರದಷ್ಟಾದವು. ಅರ್ಜಿ ಹೊರಬಂತು, ಪೆನ್ನು ಹೊರಬಂತು. ಅಷ್ಟರಲ್ಲಿ ಜೇಬಿನ ಫೋನು ಅದುರಿತು. ಅದರ ಬಾಯಿ ಮುಚ್ಚಿಸಲು ತಡಕಾಡಿದ ಬೆರಳು ಕರೆಯನ್ನು ಎತ್ತಿಬಿಟ್ಟಿತು.

"ರೀ," ಎಂದಿತು ಮರ, "ವರ್ಗ ಆಯ್ತಾ? ಆ ಹಕ್ಕಿಹುಚ್ಚಪ್ಪ ಸಹಿ ಹಾಕಿದ್ನಾ?"

ಟ್ಯಾಬ್ ಪ್ರಾಮಾಣಿಕವಾಗಿ ತೋರಿಸಿತು: 'ಗುರುತು ಸಿಗಲಿಲ್ಲ, ಮತ್ತೊಮ್ಮೆ ಕೂಗಿಸಿ.'

ಮೇಷ್ಟ್ರು ಫೋನನ್ನೇ ಆರಿಸಿದರು. ಡ್ರಿಲ್ ಮೇಷ್ಟ್ರು, ಲೆಕ್ಕದ ಟೀಚರು ಇಬ್ಬರೂ ಬೇರೆಯದೇ ಮರ ನೋಡುತ್ತ ನಿಂತರು. ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿದರು. "ಮೇಷ್ಟ್ರೇ, ನಿಮ್ಮ ಹತ್ತನೇ ಹಕ್ಕಿ ಮಾತು ಚೆನ್ನಾಗಿ ಕಲ್ತಿದೆ."

ಬೈಗುಳ ಬಾಯಿಗೆ ಬರುವ ಹೊತ್ತಿಗೆ ಏನೋ ಪಟಪಟ ಹಾರಿಬಂತು. ಕಪ್ಪುಬಿಳಿ ಪಟ್ಟೆಯ ರೆಕ್ಕೆ, ಬೀಸಣಿಗೆಯಂತೆ ಬಿಚ್ಚಿಕೊಂಡ ಜುಟ್ಟು. ಸಾಕ್ಷಾತ್ ಚಂದ್ರಮುಕುಟ! ಮಧ್ಯಾಹ್ನವಿಡೀ ಅರಚಿದ ಎದುರಾಳಿ ಎಲ್ಲಿದ್ದಾನೆಂದು ಪೊಟರೆಯೊಳಗೆ ಇಣುಕಿತು. ಕರೀ ಡಬ್ಬಿಯೊಂದು ಬಿಟ್ಟರೆ ಯಾರೂ ಇಲ್ಲ. ಹಿಂದೆಯೇ ಇನ್ನೊಂದು ಬಂತು. ಎರಡೂ ಒಳಗೆ ನುಗ್ಗಿದವು.

"ಯಾರೂ ಉಸಿರು ಬಿಡ್ಬೇಡಿ!" ಸಾಹೇಬರು ಪಿಸುಗುಟ್ಟಿದರು. ಅವರ ಕಣ್ಣಲ್ಲಿ ನೀರು. "ಜೋಡಿ ಕಣ್ರೀ! ಗೂಡಿಗೆ ಜಾಗ ನೋಡ್ತಿವೆ!"

ಸ್ಪೀಕರಿನ ಆಸೆ ಬಿಟ್ಟ ಡ್ರಿಲ್ ಮೇಷ್ಟ್ರು ನಿಟ್ಟುಸಿರನ್ನೂ ನುಂಗಿಕೊಂಡರು. ಮೇಷ್ಟ್ರಿಗೆ ಹೋದ ಜೀವ ಬಂತು. "ಸಾರ್, ಹಂಗಾದ್ರೆ ಹತ್ತಾಯ್ತಲ್ಲ... ಸಹಿ?"

"ಸಹಿನಾ!" ಸಾಹೇಬರು ಅವರನ್ನು ಬಾಚಿ ತಬ್ಬಿಕೊಂಡು, ಅದೇ ಕೈಯಲ್ಲಿ ಅರ್ಜಿಯನ್ನು ಹರಿದರು. "ನೀವು ಹೋದ್ರೆ ಈ ಗೂಡು ಕಾಯೋರು ಯಾರ್ರೀ? ನೀವು ಕರೆದದ್ದಕ್ಕೆ ಬಂದಿವೆ! ಇನ್ಮೇಲೆ ದಿನಾ ಮಕ್ಕಳಿಗೆ ತೋರಿಸಿ, ಆ್ಯಪಿಗೆ ಬರೆದು ಹಾಕಿ. ನಾನಿರೋವರೆಗೂ ನಿಮ್ಮನ್ನ ಇಲ್ಲಿಂದ ಯಾರೂ ಅಲ್ಲಾಡಿಸೋ ಹಾಗಿಲ್ಲ!"

ಸಾಹೇಬರು ಹೋದ ಮೇಲೆ ಮೇಷ್ಟ್ರು ಸ್ಪೀಕರಿನ ನಂಟು ಕಡಿದು ಹೆಂಡತಿಗೆ ಫೋನು ಮಾಡಿದರು.

"ಏನ್ರೀ, ಆಯ್ತಾ ವರ್ಗ?"

ಮೇಷ್ಟ್ರು ಪೊಟರೆಯತ್ತ ನೋಡಿದರು. ಒಳಗಿಂದ ಜುಟ್ಟೊಂದು ಇಣುಕಿತು.

"ಆಯ್ತು ಕಣೇ. ಗಂಡ ಹೆಂಡ್ತಿ ಇಬ್ರಿಗೂ ಒಂದೇ ಊರಿಗೆ. ಆದ್ರೆ ನಮಗಲ್ಲ."