ಭಾಮೈದನ ಗೃಹಪ್ರವೇಶಕ್ಕೆ ನಾನು ಮಾಡಿದ ತಿದಿ

ಇಲ್ಲಿ ಬರೆದಿರುವುದರಲ್ಲಿ ನಡೆದದ್ದೆಷ್ಟು, ಆಮೇಲೆ ನಾನೇ ಸೇರಿಸಿಕೊಂಡದ್ದೆಷ್ಟು ಎಂಬುದು ನನಗೇ ಖಾತ್ರಿಯಿಲ್ಲ. ಅಂದು ಕುಣಿಗಲ್‌ನಲ್ಲಿ ಸೇರಿದ್ದ ನೆಂಟರು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ನನ್ನ ಹೆಂಡತಿ ಗಿರಿಜಾ ಹೇಳುವುದು ಇನ್ನೊಂದು ಥರ. ನಾನು ವಿಶ್ವವಿದ್ಯಾಲಯದಲ್ಲಿ ಓದಿ ಕಾಲೇಜಿನಲ್ಲಿ ಪಾಠ ಹೇಳುವವನು. ಪುರಾವೆಯಿಲ್ಲದೆ ಯಾರ ಮಾತನ್ನೂ ನಂಬುವುದಿಲ್ಲ. ನನ್ನ ಮಾತನ್ನಂತೂ ಸುತರಾಂ ನಂಬುವುದಿಲ್ಲ.

ಗಿರಿಜಾಳ ತಮ್ಮ ಮಹೇಶ ಕುಣಿಗಲ್‌ನಲ್ಲಿ ಮನೆ ಕಟ್ಟಿಸಿದ್ದ. ಹೊಸ ಅಡುಗೆಮನೆಯಲ್ಲಿ ಇಟ್ಟಿಗೆ ಒಲೆ ಹೂಡಿ, ಸೌದೆ ಬೆಂಕಿಯಲ್ಲೇ ಹಾಲು ಉಕ್ಕಿಸಬೇಕು ಎಂದು ನನ್ನ ಅತ್ತೆಯ ಕಟ್ಟಪ್ಪಣೆ. ಅದೂ ರಾಹುಕಾಲ ಶುರುವಾಗುವುದರೊಳಗೆ. ಉಕ್ಕದಿದ್ದರೆ ಒಂದು ಚಮಚವೂ ಹೊಸಮನೆಯೊಳಗೆ ಹೋಗಕೂಡದು. ಮಹೇಶನೋ ಬಾಡಿಗೆ ಮನೆಯ ಬೀಗದ ಕೈ ಅಂದೇ ಮಾಲೀಕರಿಗೆ ಕೊಡುವುದಾಗಿ ಒಪ್ಪಿಕೊಂಡಿದ್ದ.

"ಸೌದೆ ಹಸಿ ಐತೆ ಭಾವ. ಅದೊಂದೇ ಭಯ," ಎಂದ ಫೋನಿನಲ್ಲಿ.

"ನಾನಿದೀನಲ್ಲ! ತಿದಿ ತರ್ತೀನಿ ಬಿಡು," ಎಂದೆ.

ತಿದಿ ಎಂದರೆ ಕಮ್ಮಾರರು ಕುಲುಮೆಗೆ ಗಾಳಿ ಊದಲು ಒತ್ತುತ್ತಿದ್ದ ಚರ್ಮದ ಚೀಲ. ಚಿಕ್ಕವನಿದ್ದಾಗ ಗುಬ್ಬಿ ಸಂತೆಯ ಪಕ್ಕದ ಕುಲುಮೆಯಲ್ಲಿ ನಾನೇ ಅದನ್ನು ಒತ್ತಿದ ನೆನಪು ಚೆನ್ನಾಗಿತ್ತು. ಆದರೂ ಇರಲಿ ಎಂದು ಗುಬ್ಬಿಯಲ್ಲಿರುವ ಅಕ್ಕನನ್ನು ಕೇಳಿದೆ.

"ಏನ್ಲಾ ತಿದಿ? ಅಲ್ಲಿದ್ದಿದ್ದು ಕೈಯಲ್ಲಿ ತಿರುಗ್ಸೋ ಚಕ್ರ ಕಣೋ! ನೀನು ಅದನ್ನೂ ಮುಟ್ಟಿರ್ಲಿಲ್ಲ. ಕಿಡಿ ಕಂಡ್ರೆ ಅಳ್ತಿದ್ದೆ!"

ಕುಲುಮೆಗೇ ಹೋಗಿ ವಿಚಾರಿಸಿದೆ. ಅಲ್ಲಿ ಮೋಟರು ಗುಂಯ್‌ಗುಡುತ್ತಿತ್ತು. ಕಮ್ಮಾರ ತಲೆ ಎತ್ತದೆ ಹೇಳಿದ: "ಅದನ್ನ ನಾನೂ ನೋಡಿಲ್ಲ ಸಾರ್. ಒತ್ತೋನು ತೂಕಡಿಸಿದ್ರೆ ಬೆಂಕಿನೂ ತೂಕಡಿಸ್ತಿತ್ತಂತೆ. ಬುಡಿ ಆ ಸುದ್ದಿಯ. ಮೊಬೈಲಲ್ಲಿ ನೋಡ್ಕಳಿ, ಎಲ್ಲಾ ಸಿಗ್ತದೆ."

ನೋಡಿದೆ. ಬಾಯಲ್ಲಿ ಊದಿ ಊದಿ ಸುಸ್ತಾದ ಮನುಷ್ಯ ಆ ಕೆಲಸವನ್ನು ಮೇಕೆಯ ಚರ್ಮಕ್ಕೆ ಒಪ್ಪಿಸಿದ. ಒಂದು ಚೀಲ ಉಸಿರು ಎಳೆದುಕೊಳ್ಳುವಾಗ ಬೆಂಕಿ ಸೊರಗುತ್ತದೆಂದು ಪಕ್ಕದಲ್ಲಿ ಇನ್ನೊಂದನ್ನಿಟ್ಟು ಒಂದಾದ ಮೇಲೊಂದು ಒತ್ತಿದ. ಆಮೇಲೆ ಎರಡು ಹಲಗೆಗಳ ನಡುವೆ ಚರ್ಮ ಮಡಿಸಿ ಮೊಳೆ ಹೊಡೆದ. ನೇಗಿಲ ಗುಳ, ಕುಡುಗೋಲು, ಮಚ್ಚು ಎಲ್ಲವೂ ಈ ಚೀಲದ ಉಸಿರಿನಲ್ಲೇ ಹುಟ್ಟಿದವು. ಇಂಥ ಮಹಾ ಪರಂಪರೆಯನ್ನು ಮುಂದುವರಿಸುವ ಹೊಣೆ ಈಗ ನನ್ನ ಹೆಗಲ ಮೇಲೆ!

ತುಮಕೂರಿನ ಶಿರಾ ಗೇಟ್‌ನಲ್ಲಿ ಪ್ಲೈವುಡ್, ಚಪ್ಪಲಿ ಸಾಮಾನಿನ ಅಂಗಡಿಯಲ್ಲಿ ಮೇಕೆ ಚರ್ಮ, ಮೂತಿಗೊಂದು ಕಬ್ಬಿಣದ ಪೈಪು ಕೊಂಡು ತಂದೆ. ಹಲಗೆಗಳನ್ನು ಕೊಯ್ದೆ, ಬೆರಳನ್ನೂ ಕೊಯ್ದುಕೊಂಡೆ. ಸುತ್ತ ಚರ್ಮ ಹೊಡೆದು ಮುಗಿಸಿದ ಮೇಲೆ ಒಂದು ವಿಷಯ ನೆನಪಾಯಿತು. ಮೇಲಿನ ಹಲಗೆಯ ತೂತಿಗೆ ಒಳಗಿನಿಂದ ಒಂದು ಚರ್ಮದ ಬಾಗಿಲು ಇರಬೇಕು. ತಿದಿ ಹಿಗ್ಗಿದಾಗ ಅದು ತೆರೆದು ಗಾಳಿಯನ್ನು ಒಳಗೆ ಬಿಡಬೇಕು. ಒತ್ತಿದಾಗ ಮುಚ್ಚಿಕೊಂಡು ಗಾಳಿಯನ್ನು ಮೂತಿಗೆ ಕಳಿಸಬೇಕು. ಈಗ ಒಳಗೆ ಕೈ ಹೋಗುತ್ತಿರಲಿಲ್ಲ. ಹೊರಗಿನಿಂದಲೇ ಹೊಡೆದೆ. ಬಾಗಿಲು ಎಲ್ಲಿದ್ದರೂ ಬಾಗಿಲೇ ತಾನೆ!

ಒತ್ತಿದೆ. ತಣ್ಣನೆ ಗಾಳಿ ಮುಖಕ್ಕೆ ಬಡಿಯಿತು.

"ಬಂತು ಕಣೇ ಗಾಳಿ!"

"ಮೂತಿ ಆ ಕಡೆ ಇದ್ಯಲ್ರೀ, ನಿಮ್ಮ ಮುಖಕ್ಕೆ ಹೆಂಗೆ ಬಂತು?" ಎಂದಳು ಗಿರಿಜಾ.

"ಗೋಡೆಗೆ ಬಡಿದು ವಾಪಸ್ ಬಂದಿರತ್ತೆ."

"ಒಂದು ಊದುಗೊಳವೆ ತಗೊಂಡ್ಹೋದ್ರೆ ಸಾಕಲ್ವಾ?"

"ಅದರಲ್ಲಿ ಚರಿತ್ರೆ ಎಲ್ಲಿದೆ?" ಎಂದೆ. ಅವಳು ಎದ್ದು ಒಳಗೆ ಹೋದಳು. ಸೋತಳೆಂದು ತಿಳಿದುಕೊಂಡೆ.

ಕುಣಿಗಲ್‌ನಲ್ಲಿ ಮನೆ ಮುಂದೆ ಸಾಮಾನು ತುಂಬಿದ ಟೆಂಪೋ ನಿಂತಿತ್ತು. ಬಾಗಿಲಲ್ಲೇ ಅತ್ತೆ ತಡೆದರು. "ಅಳಿಯಂದ್ರೇ, ಬೆಲ್ಟು ಪರ್ಸು ಆಚೆ ಇಟ್ಟು ಬನ್ನಿ. ಪೂಜೆ ನಡೀತೈತೆ, ಚರ್ಮ ಒಳಗೆ ಬರ್ಬಾರ್ದು."

ಸಂಪ್ರದಾಯದಲ್ಲಿ ನಂಬಿಕೆಯಿಲ್ಲದಿದ್ದರೂ ಹಿರಿಯರ ಮಾತು. ಬೆಲ್ಟ್ ಬಿಚ್ಚಿಟ್ಟೆ. ಜಾರುವ ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದು, ಟವಲಿನಲ್ಲಿ ಸುತ್ತಿದ ಇಡೀ ಮೇಕೆಯ ಚರ್ಮವನ್ನು ಕಂಕುಳಲ್ಲಿಟ್ಟುಕೊಂಡು ಭಕ್ತಿಯಿಂದ ಒಳಗೆ ಹೋದೆ!

ಆಗಷ್ಟೇ ಹೊತ್ತಿಸಿದ ಒಲೆ ಬರೀ ಹೊಗೆಯುಗುಳುತ್ತಿತ್ತು. ಪೂಜೆಗೆ ಬಂದಿದ್ದ ಅಯ್ನೋರು ವಾಚು ನೋಡುತ್ತಿದ್ದರು. ನಾನು ತೆರೆದಿದ್ದ ಹಿಂಬಾಗಿಲಿಗೆ ಬೆನ್ನು ಹಾಕಿ ಕೂತು ತಿದಿ ಹಿಗ್ಗಿಸಿದೆ. ಇದ್ದ ಒಂದಿಷ್ಟು ಬೆಂಕಿಯೂ ವಿನಯದಿಂದ ಬಾಗಿ ಪೈಪಿನೊಳಕ್ಕೆ ಹೋಯಿತು. ಒತ್ತಿದೆ. ಮೇಲಿನ ತೂತಿನಿಂದ ಬೂದಿ ಚಿಮ್ಮಿ ಅತ್ತೆಯ ರೇಷ್ಮೆ ಸೀರೆಯ ಮೇಲೆ ಕೂತಿತು. ಗಿರಿಜಾ ಹಾಲಿನ ಪಾತ್ರೆಗೆ ಸೆರಗು ಅಡ್ಡ ಹಿಡಿದಳು. ಬೆಂಕಿಗೆ ಇನ್ನೂ ಗಾಳಿ ಸಾಲದೆಂದು ನಾನು ಜೋರಾಗಿ ಒತ್ತಿದೆ.

"ಏನೋ ಸುಟ್ಟ ವಾಸ್ನೆ," ಎಂದರು ಅತ್ತೆ ಕೆಮ್ಮುತ್ತಾ.

"ಮೇಷ್ಟ್ರೇ, ಆ ಚೀಲ ಎಂಥದ್ದು?" ಎಂದರು ಅಯ್ನೋರು.

"ಮೇಕೆ ಚರ್ಮ. ಅಪ್ಪಟ ಸಾಂಪ್ರದಾಯಿಕ ಶೈಲಿ," ಎಂದೆ ಹೆಮ್ಮೆಯಿಂದ.

"ಶಿವಶಿವಾ! ಬೆಲ್ಟು ಆಚೆ ಇಟ್ಟು ಮೇಕೆನೇ ಒಳಗೆ ಕರ್ಕೊಂಡು ಬಂದವ್ರಲ್ಲಪ್ಪಾ!"

"ಭಾವ, ಅದರೊಳಗೆ ಕೆಂಡ ಐತೆ! ಆಚೆ ಓಡಿ!" ಎಂದು ಮಹೇಶ ಕೂಗಿದ.

ಓಡಿದೆ. ತಿದಿಗೆ ಎರಡೂ ಕೈ ಬೇಕಾಗಿತ್ತು. ಪ್ಯಾಂಟಿನ ಗತಿಯೇನಾಯಿತು ಎಂಬ ಬಗ್ಗೆ ಸಾಕ್ಷಿಗಳಲ್ಲಿ ಒಮ್ಮತವಿಲ್ಲ. ಹಿತ್ತಲಿನ ನೀರಿನ ಡ್ರಮ್ಮಿನಲ್ಲಿ ತಿದಿ ಚುಸ್ಸೆಂದು ಪ್ರಾಣ ಬಿಡುವಾಗ ಅಯ್ನೋರೂ ಸೇರಿ ಎಲ್ಲರೂ ನನ್ನ ಹಿಂದೆ ನಿಂತಿದ್ದರು.

ವಾಪಸ್ ಬಂದಾಗ ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿದಿತ್ತು. ಪಕ್ಕದಲ್ಲಿ ಗಿರಿಜಾ ಒಬ್ಬಳೇ.

ಅತ್ತೆ ತಲೆ ಮೇಲೆ ಕೈ ಹೊತ್ತರು. "ಯಾರೂ ನೋಡ್ಲೇ ಇಲ್ವಲ್ಲೇ! ಉಕ್ತೋ, ಯಾರಾದ್ರೂ ಕೈ ತಾಗಿಸಿ ಚೆಲ್ಲಿದ್ರೋ?"

"ನಾನು ನೋಡ್ದೆ ಕಣಮ್ಮ, ಉಕ್ತು."

"ಗಂಡನ ಮಾನ ಉಳ್ಸಕ್ಕೆ ಹೇಳ್ತಿದೀಯ!"

ಹೊರಗೆ ಟೆಂಪೋದವನು ಹಾರನ್ ಹೊಡೆದ. ಮಹೇಶ ಅಯ್ನೋರ ಮುಖ ನೋಡಿದ. ಅವರು ಪಾತ್ರೆಯ ಅಂಚು ನೋಡಿ, ವಾಚು ನೋಡಿ, "ಸುತ್ತಲೂ ಕೆನೆ ಹತ್ತೈತೆ. ಚೆಲ್ಲಿದ್ರೆ ಒಂದೇ ಕಡೆ ಇರೋದು. ರಾಹುಕಾಲಕ್ಕೆ ಇನ್ನೂ ಹೊತ್ತೈತೆ. ಇಳಿಸ್ರಪ್ಪಾ ಸಾಮಾನ," ಎಂದರು. ಅತ್ತೆ ಮನೆಯಲ್ಲೆಲ್ಲ ಗೋಮೂತ್ರ ಚಿಮುಕಿಸಿದರು. ನನ್ನ ಮೇಲೆ ಸ್ವಲ್ಪ ಹೆಚ್ಚೇ ಚಿಮುಕಿಸಿದರು.

ತುಮಕೂರಿಗೆ ಬಂದ ಮೇಲೆ ನನ್ನದೇ ಒಂದು ಸಿದ್ಧಾಂತ ತಯಾರಾಯಿತು: ಬಾಗಿಲು ತಿರುವುಮುರುವಾಗಿದ್ದರೂ ನನ್ನ ಒತ್ತುವಿಕೆಯಿಂದಲೇ ಕೆಂಡ ಎಚ್ಚೆತ್ತಿತು, ಅದರಿಂದಲೇ ಹಾಲು ಉಕ್ಕಿತು. ಕಾಲೇಜಿನಲ್ಲಿ ಇದನ್ನು ಧೈರ್ಯವಾಗಿಯೇ ಹೇಳುತ್ತಿದ್ದೆ. ಅಷ್ಟರಲ್ಲಿ ಮಹೇಶನ ಹೆಂಡತಿ ಕಿಟಕಿಯಲ್ಲಿ ಒರಗಿಸಿಟ್ಟಿದ್ದ ಫೋನಿನಲ್ಲಿ ಎಲ್ಲವೂ ಸೆರೆಯಾಗಿದೆ ಎಂದು ತಿಳಿಯಿತು. ವಿಡಿಯೊ ತರಿಸಿಕೊಂಡು ನೋಡಿದೆ. ನಂಬದೆ ಮತ್ತೆ ನೋಡಿದೆ. ಹಾಲು ಉಕ್ಕಿದ್ದು ನಿಜ, ಯಾರೂ ಕೈ ತಾಗಿಸಿಲ್ಲ. ನಾನು ಕೂತಿದ್ದಷ್ಟು ಹೊತ್ತೂ ಬರೀ ಹೊಗೆ; ಎದ್ದು ಓಡಿದ ಕೂಡಲೇ ಸೌದೆ ಧಗ್ಗೆಂದು ಹತ್ತಿಕೊಂಡಿತು. ಆ ಒಲೆಗೆ ಗಾಳಿ ಬರಬೇಕಾಗಿದ್ದದ್ದು ಹಿಂಬಾಗಿಲಿನಿಂದ. ಅದಕ್ಕೆ ಅಡ್ಡವಾಗಿ ಕೂತಿದ್ದವನು ನಾನು.