ಇಂಥಾ ರಾಕ್ಷಸ ಎಲ್ಲಿ ಸಿಗ್ತಾನ್ರಿ?

ಹೆಣ್ಣುಮಗಳೊಬ್ಬಳು ಕಾದಂಬರಿ ಬರೆದಳೆಂದರೆ ಊರಿನಲ್ಲಿ ಎರಡು ಪಂಗಡಗಳಾಗುತ್ತವೆ. ಪುಸ್ತಕ ಓದದೆ ಪುಸ್ತಕದ ಬಗ್ಗೆ ಅಭಿಪ್ರಾಯ ಹೇಳುವವರು ಒಂದು, ಪುಸ್ತಕ ಓದಿ ಬರೆದವಳ ಬಗ್ಗೆ ಅಭಿಪ್ರಾಯ ಹೇಳುವವರು ಇನ್ನೊಂದು. ಗೋಕಾಕದಲ್ಲಿ ಗಂಡನ ಮನೆ, ಮೂಡಲಗಿಯಲ್ಲಿ ತವರು, ಹುಕ್ಕೇರಿಯ ಹೆಣ್ಣುಮಕ್ಕಳ ಸಾಲಿಯಲ್ಲಿ ನೌಕರಿ. ಹೀಗೆ ಮೂರೂರಿನ ಬಸ್ಸು ಹತ್ತಿ ಇಳಿಯುವ ನನಗೆ ಎರಡೂ ಪಂಗಡದವರು ಸಿಗುತ್ತಲೇ ಇರುತ್ತಾರೆ. ತಪ್ಪಿಸಿಕೊಳ್ಳಲು ನಾಲ್ಕನೇ ಊರಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದಾಗ ಬಂದ ನನ್ನ ಕಾದಂಬರಿ ಅದು. ಕರಿ ರೆಕ್ಕೆಯ ರಾಕ್ಷಸರಾಜನೊಬ್ಬ ಒಬ್ಬ ಹುಡುಗಿಯನ್ನು ಸೂರ್ಯನೇ ಮೂಡದ ತನ್ನ ಕೋಟೆಗೆ ಹೊತ್ತೊಯ್ಯುತ್ತಾನೆ. ಅವನು ರಕ್ತ ಕುಡಿಯುವವನು, ಸಿಟ್ಟು ಬಂದರೆ ಕಣ್ಣಿನಿಂದಲೇ ಸುಡುವವನು. ಆದರೆ ಅವಳ ಕೈ ಹಿಡಿಯುವ ಮೊದಲು ಮಾತ್ರ ಪ್ರತಿ ಸಲವೂ "ಮುಟ್ಟಲೇ?" ಎಂದು ಕೇಳುತ್ತಾನೆ. ನಿಧಾನವಾಗಿ ಅವಳು ಒಲಿಯುತ್ತಾಳೆ.

ಎರಡನೇ ಭಾಗವನ್ನೂ ಬರೆದು ಮುಗಿಸಿದ್ದೆ. ಧಾರವಾಡದ ಪ್ರಕಾಶಕರು, "ಮೊದಲ ಓದುಗರ ಅಭಿಪ್ರಾಯ ತರ್ರಿ, ಹೆಸರಿನ ಸಮೇತ. ಚೊಲೊ ಇದ್ರ ಹಿಂದಿನ ರಟ್ಟಿನ ಮ್ಯಾಲ ಹಾಕಿ ಎರಡನೇದ್ದು ಅಚ್ಚ ಮಾಡೂಣು. ಇಲ್ಲಾಂದ್ರ ಅದು ನಿಮ್ಮ ಟ್ರಂಕಿನ್ಯಾಗ ಇರ್ಲಿ" ಎಂದರು. ಟ್ರಂಕಿನಲ್ಲಿ ಇಡಲು ನನಗೆ ಮನಸ್ಸಿರಲಿಲ್ಲ. ಅಭಿಪ್ರಾಯ ಕೇಳುತ್ತ ಹೊರಟೆ.

ಕ್ರಮ

ಮೊದಲು ನಮ್ಮ ಹೆಡ್‌ಮಾಸ್ತರರ ಕೋಣೆಗೆ ಹೋದೆ. ಪುಸ್ತಕ ಅವರ ಮೇಜಿನ ಮೇಲೆಯೇ ಇತ್ತು, ಅದರ ಮೇಲೊಂದು ಹಾಜರಿ ಪುಸ್ತಕ, ಅದರ ಮೇಲೆ ಅವರ ಊಟದ ಡಬ್ಬಿ.

"ಭಾಳ ಚೊಲೊ ಬರದೀರಿ ಮೇಡಂ."

"ಓದಿದ್ರೇನ್ರಿ ಸರ್?"

"ಇಲ್ರಿ. ಓದಿದ್ರ ಕ್ರಮ ಕೈಗೊಳ್ಳಬೇಕಾಗ್ತೈತಿ."

ಭಾಷೆ

ಗೋಕಾಕದಲ್ಲಿ ನಮ್ಮ ಯಜಮಾನರ ಗೆಳೆಯರೊಬ್ಬರು ಪುಸ್ತಕ ತಿರುಗಿ ಕೊಡಲು ಬಂದರು. ನಾನು ಎದುರಿಗೇ ನಿಂತಿದ್ದೆ. ಅವರು ಯಜಮಾನರ ಕಡೆ ತಿರುಗಿ, "ಭಾಷಾ ಭಾಳ ಗಟ್ಟಿ ಐತಿ. ನೀವ ತಿದ್ದಿಕೊಟ್ಟಿರಬೇಕಲ್ಲ?" ಎಂದರು.

ನಮ್ಮ ಯಜಮಾನರು ಅದರ ರಟ್ಟನ್ನು ಕೂಡ ತೆರೆದವರಲ್ಲ. ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಸಣ್ಣಗೆ ನಕ್ಕು ನನ್ನ ಕಡೆ ನೋಡಿ, "ಇನ್ನೊಂದ ಕಪ್ಪ ಚಹಾ ತಾ" ಎಂದರು. ಸಾಹಿತಿಗಳಿಗೆ ಚಹಾ ಹೆಚ್ಚು ಬೇಕಾಗುತ್ತದೆ.

ಉಪವಾಸ

ಹುಕ್ಕೇರಿ ಪೇಟೆಯಲ್ಲಿ ಜೈನರದೊಂದು ಅರಿವೆ ಅಂಗಡಿಯಿದೆ. ಆ ಮನೆಯ ಸೊಸೆ ಮರಾಠಿ, ಕನ್ನಡ ಎರಡರಲ್ಲೂ ಸಿಕ್ಕದ್ದನ್ನೆಲ್ಲ ಓದುವವಳು. ನನ್ನ ಪುಸ್ತಕವನ್ನು ಸೀರೆಯ ಪೆಟ್ಟಿಗೆಯಲ್ಲಿಟ್ಟು ಓದಿದ್ದಳಂತೆ. ಪೆಟ್ಟಿಗೆ ಮುಂದಿಟ್ಟುಕೊಂಡು ಬಹಳ ಗಂಭೀರವಾಗಿ ಕೇಳಿದಳು:

"ಆ ಕೋಟ್ಯಾಗ ಸೂರ್ಯಾನ ಮೂಡೂದಿಲ್ಲ ಅಂತ ಬರದೀರಿ. ಹಂಗಾದ್ರ ಆ ಹುಡುಗಿ ಊಟಾ ಯಾವಾಗ ಮಾಡ್ತಾಳ್ರಿ ಅಕ್ಕಾ?"

ಹೊತ್ತು ಮುಳುಗಿದ ಮೇಲೆ ಜೈನರು ಉಣ್ಣುವುದಿಲ್ಲ. "ಅಕಿ ಜೈನರಾಕಿ ಅಲ್ಲ ಬಿಡವಾ" ಎಂದೆ.

"ಅಕಿ ಅಲ್ರಿ. ಆದ್ರ ಓದುವಾಗ ಅಕಿ ನಾನ ಆಗಿದ್ನಿ. ಕೋಟಿ ಬಾಗ್ಲಾ ದಾಟಿದಾಗಿಂದ ಕಡೀತನಾ ಉಪಾಸ ಕುಂತೇನಿ."

ನನಗೆ ಕಣ್ಣು ತುಂಬಿ ಬಂತು. ಅಷ್ಟು ಒಳ್ಳೆಯ ಮಾತನ್ನು ಇಂದಿನವರೆಗೂ ಯಾರೂ ಹೇಳಿಲ್ಲ. "ಇದನ್ನ ನಿನ್ನ ಹೆಸರಿಲೆ ಅಚ್ಚ ಹಾಕ್ಸಲೇನು?" ಎಂದೆ.

ಅವಳು ಅಂಗಡಿಯ ಹೊರಗಿನ ಬೋರ್ಡು ತೋರಿಸಿದಳು. ಅದರ ಮೇಲೆ ಮಾವ, ಗಂಡ, ಮೂವರು ಮೈದುನರ ಹೆಸರು ಸಾಲಾಗಿದ್ದವು. "ದಿನಾ ಕುಂದ್ರೂ ಅಂಗಡಿ ಮ್ಯಾಲ ನನ್ನ ಹೆಸರಿಲ್ಲ. ರಾಕ್ಷಸನ ಬೆನ್ನ ಮ್ಯಾಲ ಯಾಕ್ರಿ?"

ವರಪರೀಕ್ಷೆ

ಬೇಸಿಗೆಯಲ್ಲಿ ಮೂಡಲಗಿಗೆ ಹೋದಾಗ ತವರಿನ ಮಾಳಿಗೆಯ ಮೇಲೆ ವೈನಿ, ಅಂದರೆ ಅಣ್ಣನ ಹೆಂಡತಿ, ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಶಾವಿಗೆ ಹೊಸೆಯುತ್ತಿದ್ದಳು. "ಹೆದರಿಕಿ ಕತಿ ಬರದೀಯಂತ, ಓದ ನೋಡೂಣು" ಎಂದಳು. ಹುಡುಗಿಯನ್ನು ಹೊತ್ತೊಯ್ಯುವ ಅಧ್ಯಾಯವನ್ನು ದನಿ ನಡುಗಿಸಿ ಓದಿದೆ. ಯಾರ ಕೈಯೂ ನಿಲ್ಲಲಿಲ್ಲ. ಶಾವಿಗೆಯ ಎಳೆ ಒಂದೂ ಹರಿಯಲಿಲ್ಲ.

"ಆ ಕೋಟ್ಯಾಗ ಅತ್ತಿ ಅದಾಳೇನು?" ಎಂದಳು ವೈನಿ.

"ಇಲ್ಲ."

"ನಾದಿನಿ?"

"ಯಾರೂ ಇಲ್ಲ. ಅಂವ ಒಬ್ಬಾವ."

ಬಾಜೂಮನೆಯಾಕೆ ಕೇಳಿದಳು, "ಕುಡೀತಾನೇನ?"

"ರಕ್ತ ಕುಡೀತಾನ."

"ರಕ್ತ ಅಷ್ಟಾ?"

"ಅಷ್ಟಾ."

"ಕುಡದ ಬಂದ ಅಕೀನ ಹೊರಗ ಹಾಕ್ತಾನೇನ?"

"ಇಲ್ಲವಾ. ಅಕೀಗಿ ಇಡೀ ಕೋಟಿ ಕೀಲಿಕೈ ಕೊಟ್ಟಾನ."

ಆಗ ಶಾವಿಗೆ ಹೊಸೆಯುವ ಕೈಗಳೆಲ್ಲ ನಿಂತವು. ಆಮೇಲೆ ವೈನಿ ಕೈಗಂಟಿದ ಹಿಟ್ಟು ಒರೆಸಿಕೊಂಡು ನನ್ನನ್ನು ದುರುಗುಟ್ಟಿ ನೋಡಿದಳು.

"ಇಂಥಾ ಸಂಬಂಧ ನಿನಗ ಗೊತ್ತಿತ್ತಂದ್ರ, ನಿಮ್ಮ ಅಣ್ಣನ ಯಾಕ ತೋರಿಸಿದಿ ನನಗ?"

ಒಂದೇ ಸುಳ್ಳು

ನಮ್ಮ ಸಾಲಿಗೆ ಕಣಗಲಾ ಕಡೆಯಿಂದ ಬಸ್ಸಿನಲ್ಲಿ ಬರುವ ಹುಡುಗಿಯೊಬ್ಬಳು ನನ್ನಿಂದ ಪುಸ್ತಕ ಒಯ್ದಿದ್ದಳು. ಕುರಿ ಕಾಯುವವರ ಮನೆ ಅವರದು. ವಾರದ ಮೇಲೆ ಅವಳ ಅವ್ವ ಸಾಲಿಯ ಗೇಟಿಗೇ ಬಂದು ನಿಂತಳು. ಬೈಯಲು ಬಂದಳೆಂದುಕೊಂಡೆ.

"ಅಕ್ಕಾರ, ನನಗ ಓದಾಕ ಬರೂದಿಲ್ಲ. ಮಗಳು ಓದಿ ಹೇಳಿದ್ಲು. ಪೂರ್ತಿ ಕೇಳೇನಿ."

"ಹೆಂಗನಿಸ್ತವಾ?"

"ಹಾರಿ ಬರ್ತಾನ, ಖರೆ ಅನಿಸ್ತು. ಕಣ್ಣಾಗ ಬೆಂಕಿ ಬರ್ತೈತಿ, ಅದೂ ಖರೆ, ನಮ್ಮ ಮನ್ಯಾಗೂ ನೋಡೇನಿ. ಆದ್ರ ಮುಟ್ಟೂಕ್ಕಿಂತ ಮೊದಲ ಮುಟ್ಟಲೇನು ಅಂತ ಕೇಳ್ತಾನಂತಲ್ಲ?"

"ಹೂಂ, ಕೇಳ್ತಾನ."

ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ನನ್ನ ಬಗ್ಗೆ ಮರುಕ ಬಂದವಳ ಹಾಗೆ. "ಇಷ್ಟು ಕಲ್ತೀರಿ. ಆ ಒಂದ ಸುಳ್ಳ ಯಾಕ ಬರದ್ರಿ ಅಕ್ಕಾರ?"

ಒಂದು ಏಟು

ಪ್ರಕಾಶಕರು ಗೋಕಾಕಕ್ಕೆ ಬಂದಾಗ ಈ ಅಭಿಪ್ರಾಯಗಳನ್ನೆಲ್ಲ ಹೇಳಿದೆ. ಒಂದಕ್ಕೂ ಹೆಸರಿರಲಿಲ್ಲ. ಅವರು ಚಹಾ ಕುಡಿಯುತ್ತ ಕೇಳಿ, ಕೊನೆಗೆ ತೀರ್ಪು ಕೊಟ್ಟರು.

"ಎಲ್ಲಾರೂ ಹೇಳಾಕತ್ತಿದ್ದು ಒಂದ ರೀ. ನಿಮ್ಮ ರಾಕ್ಷಸ ರಾಕ್ಷಸನ ಹಂಗ ಇಲ್ಲ. ಎರಡನೇ ಭಾಗದಾಗ ಒಂದ ಏಟ ಹಾಕ್ರಿ, ಕಪಾಳಕ್ಕ. ಸಹಜ ಅನಿಸ್ತೈತಿ. ಅಷ್ಟ ಮಾಡಿದ್ರ ಈ ದೀಪಾವಳಿಗೆ ಅಚ್ಚ ಮಾಡ್ತೇನಿ."

ನಮ್ಮ ಯಜಮಾನರಿಗೆ ಅಂದು ಮೊದಲ ಬಾರಿ ಸಾಹಿತ್ಯದಲ್ಲಿ ಆಸಕ್ತಿ ಹುಟ್ಟಿತು. "ಬರದ ಬಿಡು. ಒಂದ ಏಟಿಗಿ ಏನಾಗ್ತೈತಿ? ಸಂಸಾರ ಅಂದ ಮ್ಯಾಲ ಇರೂದ" ಎಂದರು. ಹೌದು, ಇರುತ್ತದೆ. ಅವರೂ ನಾನೂ ಅದನ್ನು ಬಲ್ಲೆವು, ಬಂದವರ ಮುಂದೆ ಹೇಳುವಂಥದ್ದಲ್ಲ.

ಎಂಟು ದಿನ ಬರೆಯಲಾಗಲಿಲ್ಲ. ಪುಸ್ತಕ ಹೊರಗೆ ಬರಬೇಕು, ಬರದಿದ್ದರೆ ಟ್ರಂಕು. ಎರಡನೇ ಭಾಗದಲ್ಲಿ ರಾಕ್ಷಸನಿಗೂ ಹುಡುಗಿಗೂ ಲಗ್ನವಾಗಿರುತ್ತದೆ, ಅದಕ್ಕೇ ಅವನು ಕೇಳುವುದನ್ನು ಬಿಟ್ಟಿರುತ್ತಾನೆ. ಕಡೆಯ ಪುಟದಲ್ಲಿ ಅವನು ಕೇಳದೆ ಅವಳ ಕೈ ಹಿಡಿದೆಳೆಯುತ್ತಾನೆ. ಅಲ್ಲಿ ಒಂದು ಏಟು ಬರೆದೆ. ಒಂದೇ, ಅವರು ಹೇಳಿದ ಹಾಗೆ ಕಪಾಳಕ್ಕೆ. ಕಳಿಸಿದೆ.

ಪ್ರಕಾಶಕರ ಫೋನು ಬಂತು. "ಇದೇನ್ರಿ? ಅಕಿ ಅಂವಗ ಹೊಡದಾಳಲ್ರಿ!"

"ಏಟ ಹಾಕ್ರಿ ಅಂದಿದ್ರಿ. ಯಾರ ಕೈ ಅಂತ ಹೇಳಿದ್ದಿಲ್ಲ."

"ಮೇಡಂ, ರೆಕ್ಕಿ ನಂಬ್ತಾರ. ರಕ್ತಾ ಕುಡಿಯೂದ ನಂಬ್ತಾರ. ಆದ್ರ ಇದು ತೀರಾ ಕಲ್ಪನಾ ಆತ್ರಿ. ಓದುಗರು ಒಪ್ಪೂದಿಲ್ಲ. ತಿರುಗಿ ಕಳಸ್ತೇನಿ."

ಕಳಿಸಿದರು. ಪುಸ್ತಕ ಅಚ್ಚಾಗಲಿಲ್ಲ, ಇಂದಿಗೂ ಆಗಿಲ್ಲ. ಪಾರ್ಸಲ್ಲು ಬಂದ ದಿನ ನಾನು ಸಾಲಿಯಿಂದ ಮನೆಗೆ ಬರುವಷ್ಟರಲ್ಲಿ ಯಜಮಾನರು ಅದನ್ನು ಬಿಚ್ಚಿದ್ದರು. ಪ್ರಕಾಶಕರು ಆ ಕಡೆಯ ಪುಟವನ್ನು ಎಲ್ಲಕ್ಕಿಂತ ಮೇಲಿಟ್ಟು ಕೆಂಪು ಗೆರೆ ಎಳೆದಿದ್ದರು. ಯಜಮಾನರು ಅದನ್ನು ಹಿಡಿದುಕೊಂಡು ಪಡಸಾಲೆಯಲ್ಲಿ ನಿಂತೇ ಇದ್ದರು. ನಾನು ಚಪ್ಪಲಿ ಬಿಟ್ಟು ಒಳಗೆ ಹೋಗುವಾಗ ಒಂದು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟರು.

"ಅಕಿ ಹೊಡದ್ಲು," ಎಂದರು. "ಮುಂದ?"

"ಮುಂದಿಂದು ಇನ್ನೂ ಬರದಿಲ್ರಿ," ಎಂದೆ. "ವಿಚಾರ ಮಾಡಾಕತ್ತೇನಿ."

ನಾನು ಬರೆದದ್ದರಲ್ಲಿ ಮುಂದೇನಾಯಿತು ಎಂದು ಕೇಳಿದ ಮೊದಲ ಓದುಗರು ಅವರೇ. ಕೇಳುವಾಗ ಅವರ ಎಡಗೈ ಕಪಾಳದ ಮೇಲಿತ್ತು.